ದೂರಿದ್ದರೆ ಬರೆದು ಕೊಡಿ

ನಾನು ಹೋಗಿದ್ದೇ ಜಗಳಕ್ಕೆ.

ಹೊಟ್ಟೆಪಾಡಿಗೆ ಮೋಟರ್ ವೈಂಡಿಂಗ್ ಅಂಗಡಿ, ಹುಚ್ಚಿಗೆ ಹ್ಯಾಮ್ ರೇಡಿಯೊ: ಮನೆಯ ಸೆಟ್ಟಿನಿಂದ ಗಾಳಿಯಲ್ಲೇ ಊರೂರಿನವರ ಜೊತೆ ಮಾತು, ಸೆಟ್ಟಿದ್ದ ಯಾರು ಬೇಕಾದರೂ ಕೇಳಬಹುದು. ದೂರದೂರದಿಂದ ಮಾತಾಡಿದವರು ನೆನಪಿಗೆ ಒಂದು ಕಾರ್ಡು ಕಳಿಸುತ್ತಾರೆ. ಅದು ನಮ್ಮ ರಾಷ್ಟ್ರೀಯ ಸಂಘಕ್ಕೆ ಬಂದು, ಅಲ್ಲಿಂದ ನಮಗೆ ಬರಬೇಕು. ಎರಡು ವರ್ಷದಿಂದ ನನಗೆ ಒಂದೂ ಬಂದಿರಲಿಲ್ಲ.

ಸಂಘದ ಕಚೇರಿಯ ಕಾರ್ಡು ವಿಭಾಗದಲ್ಲಿದ್ದವಳು ಒಬ್ಬಳೇ, ಸುತ್ತ ಸೊಂಟದೆತ್ತರ ಚೀಲಗಳು. ಬಾಯಿಗೆ ಬಂದಂತೆ ಬೈದೆ. ಅವಳು ರಬ್ಬರ್ ಬ್ಯಾಂಡನ್ನು ಹಲ್ಲಲ್ಲಿ ಕಚ್ಚಿಕೊಂಡೇ ಹಾಳೆ ಮುಂದಿಟ್ಟಳು.

“ದೂರಿದ್ದರೆ ಬರೆದು ಕೊಡಿ ಸರ್. ನಿಧಾನಕ್ಕೆ ಬರೀರಿ, ಹಾಳೆ ಹರಿದೀತು.”

ಈ ವಿಭಾಗ ಇದ್ದೂ ಸತ್ತಂತೆ, ಮುಚ್ಚಿಬಿಡಿ ಎಂದು ಬರೆದೆ. ಅವಳೇ ಓದಿ, ಅವಳೇ ಮುದ್ರೆ ಒತ್ತಿದಳು. ಕಣ್ಣಂಚಿನಲ್ಲಿ ನಗು. ನನ್ನ ಸಿಟ್ಟು ಸರ್ರನೆ ಇಳಿಯಿತು.

ಆಮೇಲೆ ಪ್ರತಿ ಶನಿವಾರ ಹೋಗಿ ಅವಳ ಜೊತೆ ಕಾರ್ಡು ವಿಂಗಡಿಸಿದೆ. ಮೂವರ ಕೆಲಸ ಒಬ್ಬಳ ತಲೆಗೆ ಕಟ್ಟಿದ್ದರು. ಮನೆಯಲ್ಲಿ ಅಪ್ಪನ ಹಳೇ ಸೆಟ್ಟಿದೆ, ಕೇಳಬಹುದು ಅಷ್ಟೇ, ಮಾತಾಡೋಕಾಗಲ್ಲ ಎಂದಳು. ಯಾರನ್ನು ಕೇಳುತ್ತೀರಿ ಎಂದೆ.

“ಬೈಯೋರನ್ನ,” ಎಂದು ತಲೆ ತಗ್ಗಿಸಿದಳು.

ಹೇಳಬೇಕಾದ್ದು ನಾಲಿಗೆ ತುದಿಗೆ ಬಂತು. ಬೈಯಲು ಬರುವ ಬಾಯಿಗೆ ಅದು ಬರಲಿಲ್ಲ.

ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು ಕಾರ್ಡು ವಿಭಾಗ ಮುಚ್ಚುವ ಠರಾವು ತಂದರು. ಆಧಾರವಾಗಿ ಓದಿದ್ದು ನನ್ನ ಪತ್ರವನ್ನೇ. ಎದ್ದು ನಿಂತು ವಾಪಸು ಕೊಡಿ ಎಂದು ಕೂಗಾಡಿದೆ.

“ಸದಸ್ಯರು ಕೇಳಿದ್ದನ್ನೇ ಸಂಘ ಮಾಡ್ತಿದೆಯಲ್ಲಪ್ಪ,” ಎಂದರು ಅವರು.

ಕೈಗಳು ಎದ್ದವು. ಬಾಗಿಲ ಬಳಿ ನಿಂತಿದ್ದವಳು ನನ್ನನ್ನು ಒಮ್ಮೆ ನೋಡಿ ಹೊರಟುಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎರಡು ವಾರದ ಮೇಲೆ ಸಂಘದಿಂದ ಅಂಚೆ ಬಂತು. ಒಳಗೆ ಅವಳ ಅಕ್ಷರದ ಕಾರ್ಡು. ‘ದಿನಾ ನಿಮ್ಮ ದನಿ ಕೇಳುತ್ತೇನೆ. ಸ್ಪಷ್ಟವಾಗಿದೆ. ನಿಮಗೂ ಮನಸ್ಸಿದ್ದರೆ ಬರುವ ಶನಿವಾರ ಹೇಳಿ. ಇಲ್ಲದಿದ್ದರೆ ಕಾರ್ಡಿನ ಮಾತೇ ಎತ್ತಬೇಡಿ.’

ತಾರೀಕು ಸಭೆಗೆ ಒಂದು ತಿಂಗಳು ಮುಂಚಿನದು; ಇಷ್ಟು ದಿನ ಸಂಘದ ಅಂಚೆಯಲ್ಲೇ ಬಿದ್ದಿತ್ತು. ಆ ನಾಲ್ಕು ಶನಿವಾರವೂ ನಾನು ಅವಳೆದುರು ಮೋಟರ್, ಚೀಲ, ಸೆಕೆ ಎಂದು ಹರಟಿದ್ದೆ.

ಓಡಿದೆ. ವಿಭಾಗಕ್ಕೆ ಬೀಗ. ಕೆಲಸ ಬಿಟ್ಟವರ ವಿಳಾಸ ಕೊಡುವ ಹಾಗಿಲ್ಲವಂತೆ. ಗುಮಾಸ್ತ ಒಂದು ಹಾಳೆ ಮುಂದೆ ತಳ್ಳಿದ. “ದೂರಿದ್ದರೆ ಬರೆದು ಕೊಡಿ.”

ಈಗ ದಿನಾ ಸಂಜೆ ಸೆಟ್ಟಿನ ಮುಂದೆ ಕೂತು ಸಂಘವನ್ನು ಬೈಯುತ್ತೇನೆ. ಒಂದು ಕಾರ್ಡು ನನಗೆ ತಡವಾಗಿ ತಲುಪಿತು, ಅದಕ್ಕೆ ಉತ್ತರ ಹೌದು, ಹೌದು ಎಂದು ಬೈಯುತ್ತೇನೆ.

ಆಮೇಲೆ ಮಾತಾಡುವ ಗುಂಡಿ ಬಿಟ್ಟು ಉತ್ತರಕ್ಕೆ ಕಾಯುತ್ತೇನೆ. ಅವಳ ಸೆಟ್ಟಿಗೆ ಮಾತು ಬರುವುದಿಲ್ಲವೆಂದು ಗೊತ್ತಿದ್ದೂ.