ಎಡಕ್ಕೆ ತಿರುಚಿದ ತಂತಿ

ರಾತ್ರಿ ಎರಡರ ಸುಮಾರಿಗೆ ಕಿರ್ ಎಂದು ಸಣ್ಣ ಸದ್ದಾಯಿತು, ಇಲಿ ಇರಬೇಕೆಂದು ಮಗ್ಗುಲಾದೆ. ಮಾಪಣ್ಣನ ದೂರು ಹೀಗೆ ಶುರುವಾಯಿತು.

ಅಂದು 2013ರ ಮಾರ್ಚ್ 12, ಮಂಗಳವಾರ. ಪೊಲೀಸ್ ಠಾಣೆಯ ಗಡಿಯಾರದಲ್ಲಿ ಬೆಳಿಗ್ಗೆ 7.20. ಮಾಪಣ್ಣ ಸುರಪುರದ ಕಡೆಯವನು, ನವಿ ಮುಂಬೈಯ ರಬಾಳೆಯಲ್ಲಿ ಹೊಸ ಕಟ್ಟಡವೊಂದರಲ್ಲಿ ಕಬ್ಬಿಣದ ಸರಳು ಕಟ್ಟುವ ಫಿಟರ್. ಟ್ರಂಕಿನಲ್ಲಿದ್ದ ಅವನ ಪಾಸ್‌ಪೋರ್ಟ್ ಕಳುವಾಗಿತ್ತು. ಮಧ್ಯಾಹ್ನ ಎರಡಕ್ಕೆ ತುರ್ಭೆಯಲ್ಲಿ ದುಬೈ ಕೆಲಸಕ್ಕೆ ಸರಳು ಕಟ್ಟಿ ತೋರಿಸುವ ಕೈಪರೀಕ್ಷೆ. ಪಾಸ್‌ಪೋರ್ಟ್ ತೋರಿಸದವರನ್ನು ಒಳಗೆ ಬಿಡುವುದಿಲ್ಲ.

ಸಬ್‌ಇನ್‌ಸ್ಪೆಕ್ಟರ್ ಜಯಲತಾ ಡೊಂಬಿವಲಿಯಲ್ಲಿ ಬೆಳೆದ ಉಡುಪಿ ಕಡೆಯವಳು. ಕನ್ನಡದಲ್ಲೇ ಕೇಳಿದಳು.

"ಇಲ್ಲಿ ಎಷ್ಟು ಸಿಗ್ತದೆ?"

"ದಿನಕ್ಕ ನಾನೂರ ಐವತ್ತು ರೀ. ಅಲ್ಲಿ ಮೂರು ಪಟ್ಟು. ಎರಡು ವರ್ಷಕ್ಕ ಫೋರ್‌ಮನ್ ಮಾಡ್ತಾರಂತ."

"ಇಲ್ಲಿ ಮಾಡುದಿಲ್ವಾ?"

"ಇಲ್ಲಿ ಫೋರ್‌ಮನ್ ಆಗಬೇಕಂದ್ರ ಮುಕಾದಮನ ಅಳಿಯ ಆಗಬೇಕ್ರಿ."

ಎಫ್‌ಐಆರ್ ದಾಖಲಾಯಿತು, ವಾಸದ ಜಾಗದಲ್ಲಿ ಕಳವು, ಕಲಂ 380. ಎಂಟೂವರೆಗೆ ಜಯಲತಾ ಮತ್ತು ಕಾನ್‌ಸ್ಟೆಬಲ್ ಸಾಳುಂಖೆ ಕೂಲಿಗಳ ಶೆಡ್ಡಿಗೆ ಬಂದರು.

ಶೆಡ್ಡಿನ ಟ್ರಂಕುಗಳಿಗೆ ಬೀಗಗಳಿರಲಿಲ್ಲ. ಸರಳು ಬಿಗಿಯುವ ತಂತಿಯನ್ನೇ ಕೊಂಡಿಗೆ ಸುತ್ತಿ ತಿರುಚಿದ್ದರು. ರಾತ್ರಿ ಹತ್ತಕ್ಕೆ ಪಾಸ್‌ಪೋರ್ಟನ್ನು ಎಲ್ಲರಿಗೂ ತೋರಿಸಿ ಮಾಪಣ್ಣ ಟ್ರಂಕು ಕಟ್ಟಿದ್ದ. ಬೆಳಿಗ್ಗೆ ತಂತಿ ಹಾಗೆಯೇ ಇತ್ತು. ಕತ್ತರಿಸಿ ತೆಗೆದಾಗ ಒಳಗೆ ಪಾಸ್‌ಪೋರ್ಟ್ ಇರಲಿಲ್ಲ.

"ಮ್ಯಾಡಮ್, ಇಸೀ ನೇ ಬೇಚಾ ಹೋಗಾ," ಎಂದ ಸಾಳುಂಖೆ. ಇವನೇ ಮಾರಿಕೊಂಡಿರಬೇಕು.

ಜಯಲತಾ ಕತ್ತರಿಸಿ ಬಿದ್ದ ತಂತಿಯನ್ನು ಎತ್ತಿಕೊಂಡಳು. ಪಕ್ಕದ ಟ್ರಂಕನ್ನು ನೋಡಿದಳು, ಅದರ ಪಕ್ಕದ್ದನ್ನೂ. ಎಲ್ಲ ತಂತಿಗಳೂ ಬಲಕ್ಕೆ ತಿರುಚಿದ್ದವು. ಕೈಯಲ್ಲಿದ್ದದ್ದು ಮಾತ್ರ ಎಡಕ್ಕೆ.

"ಇದು ನಿನ್ನದೇ ಕಟ್ಟಾ?"

"ನನ್ನ ಕೈದೇ ರೀ. ನಾ ಹಿಂಗೇ ಕಟ್ಟೋದು."

"ಹೀಗೆ ಇನ್ಯಾರು ಕಟ್ತಾರೆ?"

ಮಾಪಣ್ಣ ಅವಳ ಕೈಯಲ್ಲಿದ್ದ ತಂತಿಯನ್ನು ನೋಡಿದ. "ಕಂಪ್ಲೇಂಟ್ ವಾಪಸ್ ತಗೋತೀನ್ರಿ," ಎಂದ.

"ಎಫ್‌ಐಆರ್ ಆಗಿದೆ, ಮಾಪಣ್ಣ."

ಒಂಬತ್ತೂವರೆಗೆ ಅವಳು ಫಿಟರುಗಳನ್ನೆಲ್ಲ ಸಾಲಾಗಿ ಕೂರಿಸಿ, ಒಬ್ಬೊಬ್ಬರಿಗೂ ಎರಡು ಸರಳು, ಒಂದು ತುಂಡು ತಂತಿ ಕೊಟ್ಟಳು.

"ಮೇಡಂ, ಈ ಪರೀಕ್ಷಾದಾಗ ಪಾಸಾದ್ರ ನಮಗೂ ದುಬೈ ಏನ್ರಿ?" ಎಂದು ಒಬ್ಬ ಕೇಳಿದ.

"ಪಾಸಾದರೆ ಲಾಕಪ್ಪು. ಕಟ್ಟು."

ನಗು ಸಾಲಿನುದ್ದಕ್ಕೂ ಹೋಯಿತು. ಕೊನೆಯಲ್ಲಿ ಕೂತಿದ್ದ ಸಾಯಬಣ್ಣ ನಗಲಿಲ್ಲ. ಐವತ್ತು ದಾಟಿದವನು; ಮಾಪಣ್ಣನಿಗೆ ಕೆಲಸ ಕಲಿಸಿದವನು, ಈಗ ಅವನ ಜೋಡಿ. ಕೂಲಿಗಳ ಮೇಸ್ತ್ರಿ ಮುಕಾದಮ ಕೆಲಸ ಹಂಚುತ್ತಿದ್ದದ್ದು ಜೋಡಿ ಲೆಕ್ಕದಲ್ಲಿ. ಸಾಯಬಣ್ಣ ತಂತಿ ತಿರುಚುವ ಕೊಕ್ಕೆಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದ. ಬಲಕ್ಕೆ ತಿರುಗಿಸಿದ. ತಂತಿ ತುಂಡಾಯಿತು.

"ಉಸ್ತಾದಗ ಏನಾತಲೇ?" ಯಾರೋ ಅಂದರು.

"ಯಾವಾಗಲೂ ಕಟ್ಟುವ ಹಾಗೆ ಕಟ್ಟಿ," ಎಂದಳು ಜಯಲತಾ.

ಅವನು ಕೊಕ್ಕೆ ಕೆಳಗಿಟ್ಟ. "ಟ್ರಂಕು ತಗದಮ್ಯಾಲ ಹಂಗೇ ಬಿಡಾಕ ಆಗಲಿಲ್ರಿ. ತಂತಿ ಜೋತಾಡ್ತಿತ್ತು. ಕಟ್ಟಿಬಿಟ್ಟೆ."

"ಪಾಸ್‌ಪೋರ್ಟ್ ಎಲ್ಲಿ?"

ಸಾಯಬಣ್ಣ ಅಡಿಪಾಯದ ಗುಂಡಿಯ ಕಡೆ ತಿರುಗಿದ. ಅದರ ಅಂಚಿಗೆ ಕಾಂಕ್ರೀಟ್ ಗಾಡಿ ಹಿಮ್ಮುಖವಾಗಿ ಬರುತ್ತಿತ್ತು. ಎಲ್ಲರಿಗಿಂತ ಮೊದಲು ಓಡಿದವನು ಅವನೇ. "ರುಕೋ! ಅರೆ ರುಕೋ!" ಎನ್ನುತ್ತ ಗುಂಡಿಗಿಳಿದು, ಸರಳಿನ ಜಾಲದ ಅಡಿಗೆ ಕೈ ಹಾಕಿ ತಡಕಾಡಿದ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪಾಸ್‌ಪೋರ್ಟನ್ನು ಅಲ್ಲಿ ಸರಳಿಗೆ ಕಟ್ಟಿಟ್ಟಿದ್ದ.

"ಸುಡಬೇಕಂತ ಮಾಡಿದ್ದೆ ರೀ. ಅದರಾಗ ಅವನ ಫೋಟೊ ಇತ್ತು, ಆಗಲಿಲ್ರಿ."

"ಕಾಕಾ," ಎಂದ ಮಾಪಣ್ಣ.

ಪಂಚರ ಸಹಿಯೊಂದಿಗೆ ಪಂಚನಾಮೆ ಮುಗಿದಾಗ 11.40. ಸಾಯಬಣ್ಣನನ್ನು ಬಂಧಿಸಿ ಠಾಣೆಗೆ ತಂದರು. ಅವನ ಹೇಳಿಕೆ ಅರ್ಧ ಪುಟ. ಸರಳಿನ ಮೇಲೆ ಹಾಕಿದ ಸೀಮೆಸುಣ್ಣದ ಗುರುತು ಎರಡು ವರ್ಷಗಳಿಂದ ಅವನಿಗೆ ಕಾಣುತ್ತಿರಲಿಲ್ಲ. ಮಾಪಣ್ಣ ಓದಿ ಹೇಳುತ್ತಿದ್ದ, ಇವನು ಕಟ್ಟುತ್ತಿದ್ದ. ಜೋಡಿ ಮುರಿದರೆ ಹೆಲ್ಪರ್ ಕೂಲಿ ಮುನ್ನೂರು. ಕಣ್ಣು ಕಾಣದೆಂದು ಗೊತ್ತಾದರೆ ಅದೂ ಇಲ್ಲ. "ಇಪ್ಪತ್ತಾರು ವರ್ಷದಾಗ ನಾ ಮ್ಯಾಲೆ ಹೋಗಿದ್ದು ಬರೇ ಮಾಳಿಗಿಗೆ ರೀ," ಎಂದು ಹೆಬ್ಬೆಟ್ಟು ಒತ್ತಿದ.

ಮಾಪಣ್ಣ ಮೇಜಿನ ಎದುರು ನಿಂತೇ ಇದ್ದ. ಪಾಸ್‌ಪೋರ್ಟ್ ಈಗ ಮುದ್ದೆಮಾಲು, ಕೇಸಿನ ಸಾಕ್ಷ್ಯವಸ್ತು. ಕೋರ್ಟಿಗೆ ಹೋಗಬೇಕು, ಬಿಡಿಸಿಕೊಳ್ಳಲು ವಾರಗಳು ಹಿಡಿಯುತ್ತವೆ. ಅವನು ಗೋಡೆಯ ಗಡಿಯಾರ ನೋಡಿದ, ನೆಲ ನೋಡಿದ, ಮತ್ತೆ ಗಡಿಯಾರ ನೋಡಿದ. 12.35.

ಜಯಲತಾ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. ಮುದ್ದೆಮಾಲನ್ನು ಹೊರಗೆ ಕೊಟ್ಟು ಸಿಕ್ಕಿಬಿದ್ದರೆ ಇಲಾಖಾ ವಿಚಾರಣೆ, ಅಮಾನತು. ಈ ನಿಯಮವನ್ನು ಹೊಸಬರಿಗೆ ಕಲಿಸುತ್ತಿದ್ದವಳು ಅವಳೇ.

"ಸಾಳುಂಖೆ, ಊಟ ಮಾಡಿ ಬನ್ನಿ."

ಅವನು ಹೊರಟ ಮೇಲೆ ಪಾಸ್‌ಪೋರ್ಟಿದ್ದ, ಇನ್ನೂ ಮುದ್ರೆ ಬೀಳದ ಕವರನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದಳು. "ಆರು ಗಂಟೆಗೆ ಇದು ಇಲ್ಲಿರಬೇಕು."

ಮಧ್ಯಾಹ್ನ ಅವಳು ಮೂರು ಸಲ ಬಾಗಿಲ ತನಕ ಹೋಗಿ ಬಂದಳು. ಐದಕ್ಕೆ ಸಾಳುಂಖೆ ಕವರಿಗೆ ಮುದ್ರೆ ಹಾಕಲು ಅರಗು, ಮೇಣದಬತ್ತಿ ತಂದಿಟ್ಟ. ಅವನನ್ನು ಯಾವುದೋ ಸಮನ್ಸ್ ಜಾರಿಗೆ ಘನ್ಸೋಲಿಗೆ ಅಟ್ಟಿದಳು. ಆರು ದಾಟಿತು. ಆರೂಕಾಲಕ್ಕೆ ಮಾಪಣ್ಣ ಬೆವರುತ್ತ ಬಂದು, ಕವರನ್ನು ಮೇಜಿನ ಮೇಲಿಟ್ಟು ಪಿಸುಗುಟ್ಟಿದ.

"ರಿಕ್ಷಾ ಸಿಗಲಿಲ್ರಿ. ಪಾಸಾಯ್ತ್ರಿ."

ಲಾಕಪ್ಪಿನಲ್ಲಿದ್ದ ಸಾಯಬಣ್ಣ ಸರಳು ಹಿಡಿದು ಎದ್ದು ನಿಂತ. ಅಷ್ಟು ದೂರಕ್ಕೆ ಅವನಿಗೆ ಆಕಾರವಷ್ಟೇ ಕಾಣುತ್ತಿತ್ತು.

"ಯಾರ್ರಿ ಬಂದವರು?"

ಮಾಪಣ್ಣ ಅತ್ತ ಒಂದು ಹೆಜ್ಜೆ ಇಟ್ಟ. ಜಯಲತಾ ಬೇಡವೆಂದು ತಲೆಯಾಡಿಸಿದಳು. ಅವನು ಬಂದಷ್ಟೇ ಸದ್ದಿಲ್ಲದೆ ಹೊರಟುಹೋದ.

"ಯಾರೂ ಇಲ್ಲ," ಎಂದಳು. ಅರಗು ಕಾಯಿಸಿ ಕವರಿಗೆ ಮುದ್ರೆ ಒತ್ತಿದಳು. ಬೆರಳು ಸುಟ್ಟಿತು. ತುರ್ಭೆಯ ಪರೀಕ್ಷೆಯ ಕಚೇರಿಯಲ್ಲಿ ಇವತ್ತಿನ ತಾರೀಕಿನಲ್ಲಿ ಈ ಪಾಸ್‌ಪೋರ್ಟಿನ ಸಂಖ್ಯೆ ದಾಖಲಾಗಿರುತ್ತದೆ. ಜಪ್ತಿಯಾದದ್ದು ಅಲ್ಲಿಗೆ ಹೇಗೆ ಹೋಯಿತೆಂದು ಒಂದು ದಿನ ವಕೀಲರು ಯಾರಾದರೂ ಕೇಳಬಹುದು. ಕೇಳಿದಾಗ ನೋಡೋಣ. ಅಲ್ಲಿಯ ತನಕ ಸಾಳುಂಖೆಗೂ ಹೇಳುವುದಿಲ್ಲ, ಮನೆಯಲ್ಲೂ ಹೇಳುವುದಿಲ್ಲ. ಸರಳಿನ ಹಿಂದೆ ಇನ್ನೂ ಕಿವಿಗೊಟ್ಟು ನಿಂತಿರುವ ಈ ಮನುಷ್ಯನಿಗೂ ಇಲ್ಲ.