ಟ್ಯಾಂಕಿನ ಕೆಳಗೆ ಕಟ್ಟಿದ್ದು

"ಡಾಕ್ಟ್ರೇ, ಕ್ಲಚ್ ಕೇಬಲ್ ಕಿತ್ಹೋಯ್ತು."

ಹನ್ನೆರಡು ದಿನಗಳ ಮೇಲೆ ಬಂದ ಫೋನು! ಅವನ ಬಾಯಲ್ಲಿ 'ಗಾಡಿ ಡಾಕ್ಟ್ರು' ಆದ ಗ್ಯಾರೇಜಿನ ಒಡತಿಯ ಕೈಯಿಂದ ಸ್ಪ್ಯಾನರ್ ಜಾರಿತು. ಜನ ಹೆಸರು ಕೇಳಿದರೇ ಬೆಚ್ಚುವ ದೇಶಗಳನ್ನು ಹುಡುಕಿ ಹುಡುಕಿ ಬೈಕ್ ಓಡಿಸುವ ಈ ಪುಣ್ಯಾತ್ಮನಿಗೆ, ಗಾಡಿ ಕೆಡಲು ಬೇರೆ ಜಾಗ ಸಿಗಲಿಲ್ಲವೇ?

"ಎಲ್ಲಿದ್ದೀಯ?"

"ಘಾಟಿ ಏರಲ್ಲಿ. ಸೈನ್ಯದ ಲಾರಿಗಳ ಹಿಂದೆ ಬರ್ತಿದ್ದೆ, ಅವು ನಿಲ್ಲಲಿಲ್ಲ. ನಾಲ್ಕಕ್ಕೆ ಮೇಲಿನ ಗೇಟ್ ಮುಚ್ತಾರೆ. ಹೊರಗೆ ಉಳಿದೋರಿಗೆ ಯಾರೂ ಜವಾಬ್ದಾರರಲ್ವಂತೆ." ನಗಲು ನೋಡಿದ, ನಗು ಬರಲಿಲ್ಲ. "ಇನ್ನು ಅರ್ಧ ಗಂಟೆ ಇದೆ."

"ಸ್ಪೇರ್?"

"ಅದಿದ್ದ ಬ್ಯಾಗನ್ನ ನಿನ್ನೆ ಬಂದೂಕು ಹಿಡಿದೋರು ಯಾರೋ ಎತ್ಕೊಂಡ್ಹೋದ್ರು."

ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಇವನೇ ಹೋಗುತ್ತಾನೆ. ಹೊರಡುವ ಮುಂಚೆ, "ಸಾಯೋಕೆ ಹೋಗೋನ ಗಾಡಿ ನಾನು ಮುಟ್ಟಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದ್ದಳು. ಆಮೇಲೆ ಅವನು ಒಳಗೆ ಅವಳಪ್ಪನಿಗೆ ಹೇಳಿ ಬರಲು ಹೋದ ಇಪ್ಪತ್ತೇ ನಿಮಿಷದಲ್ಲಿ ಮುಟ್ಟಿಯೂ ಬಿಟ್ಟಿದ್ದಳು.

"ಟ್ಯಾಂಕ್ ಕೆಳಗೆ ನೋಡು. ಹಳೇ ಕೇಬಲ್ ಪಕ್ಕದಲ್ಲೇ ಹೊಸದೊಂದು ಎಳೆದು ಕಟ್ಟಿದೀನಿ. ಎರಡೂ ತುದಿ ಸಿಕ್ಕಿಸಿದ್ರೆ ಸಾಕು."

ಆ ಕಡೆ ಅವನು ಟ್ಯಾಂಕಿನ ಕೆಳಗೆ ತಡಕಾಡುವ ಸದ್ದು.

"ಮುಟ್ಟಲ್ಲ ಅಂದಿದ್ದೆ?"

"ಬಾಯಿ ಮುಚ್ಕೊಂಡು ಕೆಲಸ ಮಾಡು!"

"ಇದಕ್ಕೆ ನಿನ್ನ ಹೇರ್‌ಬ್ಯಾಂಡ್ ಸುತ್ತಿದೆ."

"ಕಟ್ಟೋಕೆ ಬೇರೇನೂ ಇರ್ಲಿಲ್ಲ," ಎಂದಳು. ಅವಳ ಮುಂದೆಯೇ ಡಬ್ಬಿ ತುಂಬ ಪ್ಲಾಸ್ಟಿಕ್ ಟೈಗಳಿದ್ದವು.

"ಡಾಕ್ಟ್ರೇ... ಮೇಲಿಂದ ಯಾರೋ ಇಳಿದು ಬರ್ತಿದಾರೆ. ಮೂರು ಜನ. ಬಂದೂಕಿದೆ."

"ಹೆಡ್‌ಫೋನ್ ಹಾಕ್ಕೊಂಡು, ಕೈ ಕಾಣೋ ಹಾಗೆ ಕೆಲಸ ಮಾಡು. ಹಲೋ? ಹಲೋ!"

ಫೋನು ಸತ್ತಿತ್ತು.

ಮೊಬೈಲಿನಲ್ಲಿ ಅವನ ಬೈಕಿನ ಟ್ರ್ಯಾಕರ್ ಚುಕ್ಕೆ ಅಲ್ಲಾಡಲಿಲ್ಲ. ಅಲ್ಲಿನ ಸಮಯ ಮೂರು ನಲವತ್ತು. ಮೂರು ಐವತ್ತು. ಅಪ್ಪ ಬಂದು ಏನೋ ಕೇಳಿದ, ಅವಳಿಗೆ ಕೇಳಿಸಲಿಲ್ಲ. ಹೋಗುವಾಗ ಒಂದು ಒಳ್ಳೆಯ ಮಾತು ಆಡಿ ಕಳಿಸಬಾರದಿತ್ತೇ, ಹಾಳು ನಾಲಿಗೆ!

ಮೂರು ಐವತ್ತೆರಡಕ್ಕೆ ಚುಕ್ಕೆ ಸರಿಯಿತು. ಅವಳು ಬಗ್ಗಿ, ಬಿದ್ದಿದ್ದ ಸ್ಪ್ಯಾನರ್ ಎತ್ತಿಕೊಂಡಳು.

ಐದಕ್ಕೆ ಮತ್ತೆ ಫೋನು. "ಗೇಟ್ ಒಳಗಿದ್ದೀನಿ. ಆ ಮೂರು ಜನ ಗೇಟ್ ಕಾವಲಿನೋರು ಕಣೇ. ಬೈತಾ ಬೈತಾನೇ ಹಿಂದಿನಿಂದ ತಳ್ಳಿದ್ರು." ಆಮೇಲೆ ಕೇಳಿದ, "ಸಾಯೋಕೆ ಹೋಗೋನಿಗೆ ಕೇಬಲ್ ಯಾಕೆ ಕಟ್ಟಿದೆ?"

"ವಾಪಸ್ ಬರ್ಲಿ ಅಂತ. ನೀನಂದ್ರೆ ನಂಗೆ ಪ್ರಾಣ, ಸಾಕಾ?" ಅವಳಿಗೆ ಅಳು ಬಂದೇ ಬಿಟ್ಟಿತು.

ಅವನ ದನಿಯೂ ಒದ್ದೆಯಾಗಿತ್ತು. "ನಂಗೂ ಅಷ್ಟೇ, ಹೇಳೋಕೆ ಧೈರ್ಯ ಇರ್ಲಿಲ್ಲ. ಮುಂದಿನ ಸಲ ಹಿಂದಿನ ಸೀಟು ನಿಂದು."

"ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ?" ಅವಳು ಮಸಿ ಕೈಯಲ್ಲೇ ಕಣ್ಣೊರೆಸಿಕೊಂಡಳು. "ನನ್ನ ಗಾಡಿ ನಂಗಿದೆ."