ಹದಿನಾಲು

ನಂಬಿ ಅಂತ ನಾನು ಯಾರ ಕಾಲೂ ಹಿಡಿಯುವುದಿಲ್ಲ. 2014ರಲ್ಲಿ, ದುಬೈಯ ನೈಫ್ ಬಡಾವಣೆಯಲ್ಲಿ ನಡೆದದ್ದು.

ರೂಮಿನಲ್ಲಿ ನನ್ನ ಮೇಲಿನ ಮಂಚ ಥಾಯ್ ಎಸಿ ಮೆಕ್ಯಾನಿಕ್ ಪ್ರಸೆರ್ತ್‌ನದು. ಶುಕ್ರವಾರ ಮಧ್ಯಾಹ್ನ ಇಬ್ಬರೂ ಅವರೂರಿನ ಚದುರಂಗ ಆಡುತ್ತಿದ್ದೆವು. ಅದರಲ್ಲಿ ಒಂಟಿ ರಾಜನಾಗಿ ಉಳಿದವನು ತನ್ನ ನಡೆಗಳನ್ನು ಗಟ್ಟಿಯಾಗಿ ಎಣಿಸುತ್ತಾನೆ. ಎದುರಾಳಿಗೆ ಒಂದೇ ಆನೆ ಇದ್ದರೆ, ಎಣಿಕೆ ಹದಿನಾರು ಮುಟ್ಟುವುದರೊಳಗೆ ರಾಜನನ್ನು ಕಟ್ಟಿಹಾಕಬೇಕು. ಇಲ್ಲದಿದ್ದರೆ ಆಟ ಸಮ. ಅವನಿಗೆ ಕನ್ನಡದಲ್ಲಿ ಎಣಿಸಲು ಕಲಿಸಿದ ದಡ್ಡ ನಾನೇ. ಅವನ ನಾಲಗೆಗೆ 'ರ' ಹೊರಳದು, 'ಲ್ಕ'ದ ಒತ್ತು ನಿಲ್ಲದು. ಹದಿನಾಲ್ಕೂ 'ಹದಿನಾಲು', ಹದಿನಾರೂ 'ಹದಿನಾಲು'!

ಕೊನೆಯ ಆಟದಲ್ಲಿ ಆನೆ ನನ್ನದು, ಒಂಟಿ ರಾಜ ಅವನದು. ನಡುವೆ ಊರಿನ ಫೋನ್ ಬಂದು ನನಗೆ ಲೆಕ್ಕ ತಪ್ಪಿತು. "ಹದಿನಾಲು, ಖಲಾಸ್," ಎಂದು ಅವನು ನಕ್ಕ. ಹದಿನಾಲ್ಕೇ ಆಗಿರುವುದು ಎಂದು ನಾನು ಜಗಳವಾಡಿದೆ. ಬುಧವಾರ ಅವನು ಕೆಲಸದಲ್ಲೇ ಕುಸಿದು ತೀರಿಕೊಂಡ.

ಮುಂದಿನ ಶುಕ್ರವಾರ ಹಟಕ್ಕೆ ಬಿದ್ದು ಕಾಯಿಗಳನ್ನು ಜಗಳಕ್ಕೆ ಒಂದು ನಡೆ ಮುಂಚೆ ಇದ್ದ ಹಾಗೇ ಜೋಡಿಸಿದೆ. ಎಸಿ ಕೆಟ್ಟು ರೂಮು ಬೇಯುತ್ತಿತ್ತು. ಅವನ ರಾಜ ಮಾತ್ರ ಕೈ ಕೊರೆಯುವಷ್ಟು ತಣ್ಣಗಿದ್ದ. ಆನೆ ನಡೆಸಿ ಬೆವರೊರೆಸಿಕೊಂಡು ನೋಡಿದರೆ, ರಾಜ ಒಂದು ಮನೆ ಸರಿದಿದ್ದ.

ಖಾಲಿ ಮಂಚದಿಂದ ಕೇಳಿಸಿತು: "ಹದಿನಾಲು."

ಹೆದರಿಕೆಗಿಂತ ಮೊದಲು ಸಿಟ್ಟು ಬಂತು. "ನಾಲ್ಕಾ, ಆರಾ? ಸರಿಯಾಗಿ ಬೊಗಳು ಮಾರಾಯ!"

ಈ ಸಲ ನನ್ನ ಕಿವಿಯ ಪಕ್ಕದಲ್ಲೇ, ಬಿಡಿಸಿ ಬಿಡಿಸಿ ಹೇಳಿದ: "ಹ-ದಿ-ನಾ-ಲು."